ವಿಬ್ರೆನ್ ಬೈಯದ ಬೇಸಿಗೆ

"ಅಪ್ಪಾ, ಕೇಳಿಸ್ತಾ? ನಾನು ಬಸುರಿ. ನಾಲ್ಕು ತಿಂಗಳು ತುಂಬ್ತು. ಈ ಸಲ ಎಲ್ಲಾ ಸರಿಯಾಗಿದೆಯಂತೆ."

ಮೇಜಿನ ಮೇಲಿಟ್ಟಿದ್ದ ಫೋನಿನಿಂದ ಮಗಳು ನಿಂಕೆಯ ದನಿ ನಡುಗುತ್ತ ಬಂತು. ತಾಯಿ ಔಕ್ಯ ಬಿಡಿಸುತ್ತಿದ್ದ ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಏಳು ವರ್ಷ. ಮೂರು ಸಲ ಬಸಿರು ನಿಂತು, ಮೂರು ಸಲವೂ ಉಳಿದಿರಲಿಲ್ಲ. ಅವಳು ಗಂಡನ ಮುಖ ನೋಡಿದಳು.

ವಿಬ್ರೆನ್ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದ. "ಒಳ್ಳೇದಾಯ್ತು ಮಗಳೇ, ಹುಷಾರಾಗಿರು," ಎಂದು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡ.

ನಿಂಕೆ ಕೇಳಿದಳು, "ಅಷ್ಟೇನಾ ಅಪ್ಪಾ?"

ಔಕ್ಯ ಫೋನು ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಅಲ್ಲಿ ಅತ್ತು, ನಕ್ಕು, ಇಬ್ಬರ ಪಾಲಿನ ಸಂತೋಷವನ್ನೂ ತಾನೊಬ್ಬಳೇ ಪಟ್ಟು ಒಳಗೆ ಬಂದಳು.

ವಿಬ್ರೆನ್ ಊರಿನ ಕಾಲುವೆಯ ಸೇತುವೆ ಕಾಯುವವನು. ದೋಣಿ ಬಂದರೆ ಸೇತುವೆ ಎತ್ತುವುದು, ದಾಟಿದ ಮೇಲೆ ಇಳಿಸುವುದು, ಅಡ್ಡಗಂಬದ ಕೆಳಗೆ ನುಸುಳುವ ಸೈಕಲ್ಲಿನವರಿಗೆ ಬೈಯುವುದು. ಮೂವತ್ತೊಂದು ವರ್ಷ ಇದೇ ಕೆಲಸ. ಅವನ ಬೈಗುಳ ಮೂರು ಹಳ್ಳಿಗೆ ಗೊತ್ತಿತ್ತು, ಕಣ್ಣೀರೂ ಅಷ್ಟೇ. ಕಂಡವರ ಮದುವೆಯಲ್ಲೂ ಅಳುತ್ತಿದ್ದ ಆಸಾಮಿ. ಹೋದ ಚಳಿಗಾಲದಲ್ಲಿ ಕಾಗದ ಬಂತು: ಇನ್ನೊಂದು ವರ್ಷ ಕಳೆದ ಮೇಲೆ ಸೇತುವೆಯನ್ನು ಪಟ್ಟಣದಲ್ಲೇ ಕೂತು, ಕ್ಯಾಮೆರಾ ನೋಡಿಕೊಂಡು ಎತ್ತುತ್ತಾರೆ, ಅವನೂ ಅಲ್ಲಿ ಪರದೆಯೆದುರು ಕೂರಬೇಕು. ಅಂದಿನಿಂದ ಅವನ ನಿದ್ದೆ ಹಾರಿಹೋಯಿತು. ಎದೆ ಡವಡವ. ಸೂಪಿಗೆ ಉಪ್ಪು ಹೆಚ್ಚಾದರೂ ಮನೆ ನಡುಗುವಂತೆ ಕೂಗುತ್ತಿದ್ದ.

ಯಾರೋ ಹೇಳಿದರೆಂದು ಫೆಬ್ರವರಿಯಲ್ಲಿ ಅಶ್ವಗಂಧದ ಗುಳಿಗೆಯ ಡಬ್ಬಿ ತಂದ. ದಿನಕ್ಕೆ ಎರಡು. ಗಿಡದ ಬೇರು ತಾನೆ, ಅದರಿಂದ ಏನಾದೀತು ಎಂದು ಇಬ್ಬರೂ ಅಂದುಕೊಂಡರು. ಮೂರು ವಾರಕ್ಕೆ ಗೊರಕೆ ಕೇಳಿಸಿತು. ಔಕ್ಯ ಆ ಡಬ್ಬಿಗೆ ಮನಸ್ಸಿನಲ್ಲೇ ಕೈಮುಗಿದಳು. ಏಪ್ರಿಲಿನಲ್ಲಿ ಪರವೂರ ದೋಣಿಯೊಂದು ಬಂದು ಸೇತುವೆಯ ಕಂಬಕ್ಕೇ ಗುದ್ದಿದಾಗ ವಿಬ್ರೆನ್ ಸುಮ್ಮನೆ ಕೈಬೀಸಿದನಂತೆ. ಮೇ ತಿಂಗಳಲ್ಲಿ ಅಣ್ಣ ತೀರಿಕೊಂಡಾಗ, ಬಸ್ಸಿಗೆ ಕಾಯುವವನ ಹಾಗೆ ಗೋರಿಯ ಪಕ್ಕ ನಿಂತಿದ್ದ. ವಯಸ್ಸಾಯಿತು, ಮಾಗಿದ ಎಂದುಕೊಂಡಿದ್ದಳು ಔಕ್ಯ.

ಈಗ ಅವಳಿಗೆ ತಡೆಯಲಾಗಲಿಲ್ಲ. "ಏನಾಗಿದೆ ನಿಂಗೆ? ಅವಳು ಎಷ್ಟು ಅತ್ಲು ಗೊತ್ತಾ? ಕಲ್ಲಾ ನೀನು?"

ವಿಬ್ರೆನ್ ಚಾಕು ಕೆಳಗಿಟ್ಟ. "ನಂಗೂ ಗೊತ್ತಾಗ್ತಿಲ್ಲ, ಔಕ್ಯ. ಅವಳು ಹೇಳಿದ್ದು ಕೇಳಿಸ್ತು. ಖುಷಿಪಡಬೇಕಾದ ಮಾತು ಅಂತಾನೂ ಗೊತ್ತು. ಖುಷಿ ಬರುತ್ತೆ ಅಂತ ಕಾದೆ. ಏನೂ ಬರ್ಲಿಲ್ಲ." ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡುತ್ತ ಹೇಳಿದ, "ಅಣ್ಣ ಹೋದಾಗ್ಲೂ ಹಿಂಗೇ ಆಯ್ತು. ನಿಂಗೆ ಹೇಳೋಕೆ ಭಯ ಆಯ್ತು. ಇಲ್ಲ, ಭಯಾನೂ ಆಗ್ಲಿಲ್ಲ. ಆಗಬೇಕಿತ್ತು ಅನ್ನಿಸ್ತು, ಅಷ್ಟೇ."

ಔಕ್ಯಳ ಸಿಟ್ಟು ಇಳಿದುಹೋಯಿತು. ಪಕ್ಕದಲ್ಲಿ ಕೂತು ಅವನ ಒದ್ದೆ ಕೈ ಹಿಡಿದುಕೊಂಡಳು. "ಯಾವಾಗಿಂದ ಹೀಗೆ?" ಎಂದು ಕೇಳಿದಳು. ಇಬ್ಬರೂ ತಿಂಗಳುಗಳನ್ನು ಹಿಂದಕ್ಕೆ ಎಣಿಸುತ್ತ ಹೋಗಿ ಫೆಬ್ರವರಿಗೆ ಬಂದು ನಿಂತರು.

ಸೋಮವಾರ ಔಷಧದಂಗಡಿಯ ಡೀವ್ಕೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದಳು. "ಎಲ್ರಿಗೂ ಹೀಗಾಗಲ್ಲ. ಇದ್ರಿಂದ್ಲೇ ಅಂತ ಗ್ಯಾರಂಟಿಯಾಗಿ ಹೇಳೋಕೂ ಆಗಲ್ಲ. ಆದ್ರೆ ಚಿಂತೆ ಜೊತೆ ಖುಷಿನೂ ಹೋಯ್ತು ಅಂತ ಹೇಳ್ದೋರು ನೀವೇ ಮೊದಲನೆಯವರಲ್ಲ. ನಿಲ್ಲಿಸಿ ನೋಡಿ. ಡಾಕ್ಟರ ಹತ್ರಾನೂ ಹೋಗಿ ಬನ್ನಿ."

ವಾಪಸು ಬರುವಾಗ ವಿಬ್ರೆನ್ ಸೈಕಲ್ಲು ನಿಲ್ಲಿಸಿದ. "ಇದು ಬಿಟ್ರೆ ಹಳೇದೆಲ್ಲ ಬರುತ್ತೆ. ನಿದ್ದೆ ಇರಲ್ಲ. ನಿನ್ ಮೇಲೆ ಕೂಗಾಡ್ತೀನಿ."

"ಕೂಗಾಡು. ಮೂವತ್ನಾಲ್ಕು ವರ್ಷ ಕೇಳಿದೀನಿ, ಕಿವಿ ಏನೂ ಸವೆದಿಲ್ಲ."

ಡಾಕ್ಟರೂ ನಿಲ್ಲಿಸಿ ಎಂದರು. ಕೆಲಸದ ಚಿಂತೆಯನ್ನು ಹೇಳಿಕೊಳ್ಳಲು ಒಬ್ಬರ ವಿಳಾಸ ಕೊಟ್ಟರು. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ನಿದ್ದೆ ಕೆಟ್ಟಿತು. ಅವನಿಗೆ ಜೊತೆಯಾಗಿ ಅವಳೂ ಬೇಗ ಎದ್ದು ಕಾಫಿ ಮಾಡತೊಡಗಿದಳು. ನಿಂಕೆ ಫೋನು ಮಾಡಿದರೆ ಅವ್ವನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು.

ಮೂರನೆಯ ವಾರ ಒಂದು ಮಧ್ಯಾಹ್ನ ಔಕ್ಯ ಬಟ್ಟೆ ಒಣಹಾಕುತ್ತಿದ್ದಾಗ ಸೇತುವೆಯ ಕಡೆಯಿಂದ ಗದ್ದಲ ಕೇಳಿಸಿತು. "ಕಣ್ಣು ಎಲ್ಲಿಟ್ಕೊಂಡು ದೋಣಿ ಬಿಡ್ತೀಯೋ, ಕತ್ತೆ!" ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ನಿನ್ ಗಂಡ ಹುಷಾರಾದ ಅಂತ ಕಾಣುತ್ತೆ," ಎಂದಳು. ಔಕ್ಯ ಒದ್ದೆ ಅಂಗಿಯನ್ನು ಎದೆಗವುಚಿಕೊಂಡು ನಗುತ್ತ ನಿಂತಳು.

ಕೆಲಸ ಮುಗಿಸಿ ಬಂದ ವಿಬ್ರೆನ್ ಒಳಗೆ ಬರಲಿಲ್ಲ. ನಿಂಕೆಗೆ ಫೋನು ಮಾಡುತ್ತ ಮನೆಯ ಹಿಂದಿನ ಏರಿ ಹತ್ತಿದ. ಔಕ್ಯ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮಾತು ಕೇಳಿಸುತ್ತಿರಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು ಅತ್ತಿಂದಿತ್ತ ನಡೆದ, ನಿಂತ, ಆಮೇಲೆ ಹುಲ್ಲಿನ ಮೇಲೆ ಕುಸಿದು ಕೂತು ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡ. ಅವನ ಬೆನ್ನು ಏರಿಳಿಯುತ್ತಿತ್ತು. ಮೇಯುತ್ತಿದ್ದ ಕುರಿಗಳು ಒಂದೊಂದಾಗಿ ತಲೆಯೆತ್ತಿ ಅವನ ಕಡೆ ನೋಡಿದವು. ಒಂದು ಮರಿ ಹತ್ತಿರ ಬಂದು ಅವನ ತೋಳನ್ನು ಮೂಸಿತು.