ಚಹಾದಲ್ಲಿ ಕಲೆಸಿದ ಕಾಕಂಬಿ

ನನ್ನ ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಒಲೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಸೊಸೆ ಬೇಡವೆಂದಳು. ಆದರೆ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬಗ್ಗಿ ಎದ್ದರೆ ಕಣ್ಣಿಗೆ ಕತ್ತಲೆ. ಅತ್ತೆ ಹಾಸಿಗೆ ಹಿಡಿದಿದ್ದ ಅಷ್ಟೂ ಕಾಲ ಎತ್ತಿ ಕೂರಿಸಿ, ಮೈ ಒರೆಸಿ, ಉಣಿಸಿದವಳು ಇವಳು. ತನಗೆ ತಿಂಗಳು ತಿಂಗಳೂ ಮಿತಿಮೀರಿ ರಕ್ತ ಹೋಗುತ್ತಿದೆ ಎಂಬುದನ್ನು ಗಂಡನಿಗೂ ಹೇಳಿರಲಿಲ್ಲ. ಅತ್ತೆ ಹೋದ ಮೇಲೆ ಒಂದು ದಿನ ಬಟ್ಟೆ ಒಣಹಾಕುತ್ತಿದ್ದಲ್ಲೇ ಕುಸಿದಳು. ಆಗ ನಮಗೆ ತಿಳಿಯಿತು.

ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು ಎಂದರು ಡಾಕ್ಟರು. ಆದರೆ ಮೈಯಲ್ಲಿ ರಕ್ತವೇ ಇಲ್ಲ. ಹಿಮೋಗ್ಲೋಬಿನ್ ಹತ್ತಕ್ಕಾದರೂ ಬರಬೇಕು, ಈಗ ಏಳರ ಹತ್ತಿರವಿದೆ. ಹೊರಗಿನ ರಕ್ತ ಕೊಡೋಣವೆಂದರೆ ಅವಳ ಗುಂಪಿನದು ಸುಲಭಕ್ಕೆ ಸಿಗುವಂಥದ್ದಲ್ಲ. "ಊಟ, ಮಾತ್ರೆ ಎರಡರಿಂದಲೂ ಬೇಗ ಏರಿಸಿ. ಈ ಸಲ ರಕ್ತ ಹೋದ ಹಾಗೆ ಇನ್ನೊಂದು ಸಲ ಹೋದರೆ ಈ ಸ್ಥಿತಿಯಲ್ಲೇ ಕೊಯ್ಯಬೇಕಾಗುತ್ತೆ. ಅದು ಆಗಬಾರದು" ಎಂದರು. ಆಗಬಾರದು ಎಂದಾಗ ಅವರು ನನ್ನ ಮಗನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನು ನೋಡಿದರು.

ನಾನು ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಕೆಲಸದಲ್ಲಿ ಕೂದಲು ನೆರೆಸಿಕೊಂಡವನು. ಕಬ್ಬಿನ ಹಾಲನ್ನು ಒಮ್ಮೆ ಕುದಿಸಿ ಸಕ್ಕರೆ ತೆಗೆಯುತ್ತೇವೆ, ಉಳಿದ ಪಾಕವನ್ನು ಮತ್ತೆ ಕುದಿಸುತ್ತೇವೆ, ಮತ್ತೂ ಒಮ್ಮೆ. ಮೂರನೆಯ ಸಲ ತಿರುಗುವ ಜಾಲರಿಯಿಂದ ಹೊರಬೀಳುವ ಕಪ್ಪು ಅಂಟೇ ಕಾಕಂಬಿ. ಅದರಿಂದ ಇನ್ನು ಒಂದು ಹರಳೂ ಏಳುವುದಿಲ್ಲ. ಸಿಹಿಯನ್ನೆಲ್ಲ ಕಿತ್ತುಕೊಂಡರೂ ಕಬ್ಬು ಮಣ್ಣಿನಿಂದ ಹೀರಿದ ಕಬ್ಬಿಣ, ಸುಣ್ಣ, ಉಪ್ಪುಗಳೆಲ್ಲ ಅದರಲ್ಲೇ ಉಳಿದಿರುತ್ತವೆ. ಕಹಿ ಬೆರೆತ, ಸ್ವಲ್ಪ ಸುಟ್ಟ ಸಿಹಿ. ನನ್ನ ಹೆಂಡತಿ ಮೂರು ಬಾಣಂತನದಲ್ಲೂ ಅದನ್ನು ಬಿಟ್ಟವಳಲ್ಲ. ಕಡು ಚಹಾದಲ್ಲಿ ಒಂದು ದೊಡ್ಡ ಚಮಚ ಕಲೆಸಿ ಕುಡಿಯುತ್ತಿದ್ದಳು. ಸೊಸೆ ಬಂದ ಮೇಲೆ ಅವಳಿಗೂ ಅದೇ ಅಭ್ಯಾಸವಾಯಿತು. ಬೆಳಗಾಗುತ್ತಲೇ ಅಡುಗೆಮನೆಯ ಬಾಗಿಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಲೋಟ ಹಿಡಿದು ಪಿಸುಗುಡುತ್ತಿದ್ದರು. ಏನು ಮಾತೋ, ನಾನು ಹೋದರೆ ನಿಲ್ಲುತ್ತಿತ್ತು.

ಸೊಸೆಯ ರಕ್ತ ಏರಲು ನನಗೆ ಕಾಕಂಬಿ ಬೇಕೆಂದು ಗೊತ್ತಾದ ಕೂಡಲೇ ತೂಕದ ಮನೆಯಲ್ಲಿ ನನ್ನ ಜೊತೆಗಿದ್ದ ಬುರುಡೆ ಒಂದು ಡಬ್ಬ ಹೊತ್ತು ತಂದ. ಮಾತಿಗೆ ಮುಂಚೆ ಬುರುಡೆ ಬಿಡುವವನಾದ್ದರಿಂದ ಅವನಿಗೆ ಆ ಹೆಸರು.

"ತಗೋಳಯ್ಯ, ಟ್ಯಾಂಕಿನಿಂದ ನೇರ ಬಂದಿದೆ. ಇದನ್ನ ಕುಡಿದ್ರೆ ಸತ್ತವನೂ ಎದ್ದು ಓಡ್ತಾನೆ."

"ಎದ್ದು ಓಡೋದು ಕಕ್ಕಸಿಗೆ. ಟ್ಯಾಂಕಿನ ತಳದಲ್ಲಿ ತುಕ್ಕು, ಗಂಧಕ, ಸತ್ತ ಇಲಿ ಎಲ್ಲಾ ಇರುತ್ತೆ ಅಂತ ನಿನಗೆ ಗೊತ್ತಿಲ್ವೇನೋ? ಅದು ಸಾರಾಯಿ ಕಾಯಿಸೋರಿಗೆ."

"ಹಾಗಾದ್ರೆ ನನಗೇ ಇರ್ಲಿ ಬಿಡು" ಎಂದು ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತ. ಸೊಸೆ ಅಂದು ಬಹಳ ದಿನದ ಮೇಲೆ ನಕ್ಕಳು.

ತಿನ್ನಲೆಂದೇ ಶುಚಿಯಾಗಿ ಮಾಡಿದ ಕಾಕಂಬಿ ಪೇಟೆಯ ಅಂಗಡಿಯಲ್ಲಿ ಗಾಜಿನ ಶೀಷೆಯಲ್ಲಿ ಸಿಕ್ಕಿತು. ಕಾರ್ಖಾನೆಯಲ್ಲಿ ಬೂಟುಗಾಲಿಗೆ ಅಂಟಿದರೆ ಬೈದುಕೊಂಡು ಕೆರೆಯುತ್ತಿದ್ದ ಪದಾರ್ಥ ಅಲ್ಲಿ ಜೇನುತುಪ್ಪದ ಪಕ್ಕ ಗತ್ತಿನಿಂದ ಕೂತಿತ್ತು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಚಹಾ ಕುದಿಸಿ, ಕಾಕಂಬಿ ಕಲೆಸಿ, ಎರಡು ಲೋಟ ಹಿಡಿದು ಆ ಮೆಟ್ಟಿಲಿಗೆ ಹೋಗುತ್ತಿದ್ದೆ. ನನ್ನ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ನಾನು ಕೂರುತ್ತಿದ್ದೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಸೊಸೆ ಅದನ್ನೂ ಚಹಾದ ಜೊತೆಗೇ ಇಳಿಸುತ್ತಿದ್ದಳು. ನಮ್ಮಿಬ್ಬರಿಗೂ ಹೆಚ್ಚು ಮಾತಿಲ್ಲ. ಆದರೂ ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಮೂವರಿದ್ದೇವೆ ಅನಿಸುತ್ತಿತ್ತು. ದೇವರ ಮುಂದೆ ಕೂತಾಗ ಬಾರದ ಸಮಾಧಾನ ನನಗೆ ಅಲ್ಲಿ ಬರುತ್ತಿತ್ತು. ಪ್ರಾರ್ಥನೆಗೆ ಕೂತರೆ ನನ್ನ ಬಾಯಲ್ಲಿ ದೂರು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಮತ್ತೆ ರಕ್ತ ಪರೀಕ್ಷೆಗೆ ಹೋದೆವು. ಚೀಟಿ ನೋಡಿದ ನರ್ಸು ಹುಬ್ಬು ಗಂಟಿಕ್ಕಿದಳು. ಏರಿಲ್ಲ. ಕೂದಲೆಳೆಯಷ್ಟು ಇಳಿದಿದೆ.

"ಮಾತ್ರೆ ಬಿಟ್ಟಿದ್ದೀರೇನಮ್ಮ?"

"ಇಲ್ಲ ಸಿಸ್ಟರ್, ದಿನಾ ತಗೋತೀನಿ. ಮಾವ ಕಾಕಂಬಿನೂ ಕೊಡ್ತಾರೆ."

"ಯಾವುದರಲ್ಲಿ?"

"ಟೀಯಲ್ಲಿ. ಮಾತ್ರೆನೂ ಅದರ ಜೊತೆಗೇ."

ನರ್ಸು ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. "ಅಯ್ಯೋ ತಾಯೀ! ಟೀ ಕಬ್ಬಿಣನ ಹಿಡ್ಕೊಂಡು ಮೈಗೆ ಸೇರೋಕೆ ಬಿಡಲ್ಲ. ಈ ಕೈಲಿ ಕೊಟ್ಟು ಆ ಕೈಲಿ ಕಿತ್ಕೊಂಡಿದ್ದೀರಿ." ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಕಾಕಂಬಿ ಒಳ್ಳೇದೇ ತಾತ. ಆದ್ರೆ ಒಂದು ಚಮಚದಿಂದ ಆಗೋದು ಒಂದು ಚಮಚದಷ್ಟೇ. ದೊಡ್ಡ ಕೆಲಸ ಮಾತ್ರೆದು. ಎರಡನ್ನೂ ನಿಂಬೆಹಣ್ಣಿನ ನೀರಲ್ಲಿ ಕೊಡಿ. ಟೀ ಸದ್ಯಕ್ಕೆ ಮನೆಯಲ್ಲೇ ಬೇಡ."

ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಮೊಣಕಾಲ ಮೇಲೆ ಕೈಯಿಟ್ಟು ಕೂತೆ. ವ್ಯರ್ಥವಾಗಿ ಹೋದ ದಿನಗಳನ್ನು ಬೆರಳ ಮೇಲೆ ಎಣಿಸಿದೆ. ದಿನಾ ಬೆಳಿಗ್ಗೆ ಪ್ರೀತಿಯಿಂದ ಕಲೆಸಿ ಕೊಟ್ಟಿದ್ದೆ.

ಮರುದಿನ ಬೆಚ್ಚನೆಯ ನೀರಿಗೆ ನಿಂಬೆ ಹಿಂಡಿ, ಕಾಕಂಬಿ ಬೆರೆಸಿ, ಮೆಟ್ಟಿಲಿಗೆ ಒಯ್ದೆ. ಅವಳು ಲೋಟ ಮೂಗಿನ ಹತ್ತಿರ ತಂದು ದೂರ ಮಾಡಿದಳು.

"ಇದು ಬೇಡ ಮಾವ. ಮಾತ್ರೆ ಆಮೇಲೆ ತಗೋತೀನಿ. ಈಗ ಒಂದೇ ಒಂದು ಲೋಟ ಟೀ ಕೊಡಿ."

"ನರ್ಸಮ್ಮ ಹೇಳಿದ್ದು ಕೇಳಿಸ್ಲಿಲ್ವೇನಮ್ಮ?"

"ಕೇಳಿಸ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಟೀ ಕುಡೀವಾಗ ಅತ್ತೆ ಪಕ್ಕದಲ್ಲೇ ಇದ್ದ ಹಾಗಿರುತ್ತೆ. ಅದೂ ಬೇಡ ಅಂದ್ರೆ ಇನ್ನೇನಿದೆ ಮಾವ ಈ ಮನೇಲಿ?"

ನಾನೂ ಅಷ್ಟಕ್ಕೇ ಬದುಕಿದ್ದೆ. ಒಳಗೆ ಹೋಗಿ ಚಹಾಪುಡಿಯ ಡಬ್ಬ ತಂದೆ. ನನ್ನ ಹೆಂಡತಿಯ ಕೈಯಲ್ಲಿ ತುಂಬಿದ್ದು. ಹಾಸಿಗೆ ಹಿಡಿಯುವ ಮುಂಚೆ ತಾನೇ ಜರಡಿ ಹಿಡಿದು ತುಂಬಿಟ್ಟದ್ದು. ಅಷ್ಟು ದಿನ ಚಿಟಿಕೆ ಚಿಟಿಕೆಯಾಗಿ ಜಿಪುಣನಂತೆ ಬಳಸಿದ್ದೆ. ಸೊಸೆ ನೋಡುತ್ತಿದ್ದಂತೆ ಹಿತ್ತಲಿನ ಗಿಡದ ಬುಡಕ್ಕೆ ಅಷ್ಟನ್ನೂ ಸುರಿದೆ.

"ಮಾವ!"

"ನಿನ್ನ ಅತ್ತೆ ಇದ್ದಿದ್ರೆ ನಿನ್ನೆ ಬಂದ ಕೂಡ್ಲೇ ಸುರೀತಿದ್ಲು. ನನಗೆ ಒಂದು ರಾತ್ರಿ ಬೇಕಾಯ್ತು." ಇನ್ನೊಂದು ಲೋಟದಲ್ಲಿ ಅದೇ ನಿಂಬೆ ಕಾಕಂಬಿ ತಂದು ಪಕ್ಕದಲ್ಲಿ ಕೂತೆ. "ನಿನ್ನ ಜೊತೆ ನಾನೂ ಕುಡೀತೀನಿ. ನಡಿ."

ಒಂದು ಗುಟುಕಿಗೆ ನನ್ನ ಮುಖ ಸೊಟ್ಟಗಾಯಿತು.

"ಹೇಗಿದೆ?" ಎಂದಳು ಕಣ್ಣೊರೆಸಿಕೊಳ್ಳುತ್ತ.

"ಲಾರಿಯ ಬ್ಯಾಟರಿ ನೀರಿನ ಹಾಗಿದೆ. ಲಾರಿ ಓಡಿಸೋ ನಿನ್ನ ಗಂಡನ್ನ ಕೇಳು, ಅವನಿಗೆ ರುಚಿ ಗೊತ್ತಿರಬಹುದು."

ಅವಳು ಮೂಗು ಹಿಡಿದು ಕುಡಿದಳು. ಮಾತ್ರೆಯನ್ನೂ ಇಳಿಸಿದಳು. ಹೊಟ್ಟೆ ತೊಳಸಿದ ದಿನಗಳಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಬಿಡಲಿಲ್ಲ. ಮಗ ಲಾರಿಯ ಪಾಳಿ ಮುಗಿಸಿ ಬರುವಾಗ ಚೀಲದ ತುಂಬ ನಿಂಬೆಹಣ್ಣು ತರುತ್ತಿದ್ದ. ಮೆಟ್ಟಿಲ ಮೇಲೆ ಈಗ ಮೊದಲಿನ ಮೌನ ಒಗ್ಗಲಿಲ್ಲ; ಬಾಯಿಯ ಹುಳಿ ಮರೆಯಲು ಏನಾದರೂ ಮಾತಾಡಲೇಬೇಕಿತ್ತು. ಅವಳು ಅತ್ತೆಯ ಮಾತುಗಳನ್ನು ಹೇಳತೊಡಗಿದಳು. ನನ್ನ ಗೊರಕೆಗೆ ಅವರಿಬ್ಬರೂ ಒಂದು ಹೆಸರಿಟ್ಟಿದ್ದರಂತೆ. ಹೆಸರು ಮಾತ್ರ ಹೇಳಲಿಲ್ಲ.

ಆ ತಿಂಗಳ ಮುಟ್ಟು ಕಷ್ಟದ್ದೇ ಆಯಿತು, ಆದರೆ ಹಿಂದಿನಷ್ಟು ರಕ್ತ ಹೋಗಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಏರಿತ್ತು, ಅದರ ಮುಂದಿನದರಲ್ಲಿ ಹತ್ತನ್ನು ಮುಟ್ಟಿತು. ಡಾಕ್ಟರು ಇನ್ನು ಕಾಯುವುದು ಬೇಡವೆಂದರು.

ಅವಳನ್ನು ಒಳಗೆ ಕರೆದೊಯ್ಯುವ ಮುಂಚೆ ತಳ್ಳುವ ಮಂಚದ ಮೇಲಿಂದ ಕೈ ಚಾಚಿದಳು. "ಮಾವ, ನನಗೋಸ್ಕರ ಕೇಳ್ಕೊಳ್ಳಿ" ಎಂದಳು. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದೆ. ದೇವರೇ, ನನ್ನವಳನ್ನು ಏಕೆ ಕರೆದುಕೊಂಡೆ ಎಂದು ಇವತ್ತು ಕೇಳುವುದಿಲ್ಲ. ಈ ಹುಡುಗಿಯನ್ನು ಮಾತ್ರ ಹಿಂದಕ್ಕೆ ಕೊಡು. ಇಷ್ಟೇ ಬಂತು. ಅದನ್ನೇ ಮತ್ತೆ ಮತ್ತೆ ಹೇಳಿದೆ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದು ಬಾಯಿಗೆ ಕಟ್ಟಿದ್ದ ಬಟ್ಟೆ ಇಳಿಸಿದರು. "ಚೆನ್ನಾಗಿದ್ದಾರೆ. ಅವರ ರಕ್ತವೇ ಸಾಕಾಯ್ತು, ಹೊರಗಿನದು ಬೇಕಾಗಲಿಲ್ಲ."

ಮಗ ಗೋಡೆಗೊರಗಿ ಹಾಗೇ ನೆಲಕ್ಕೆ ಕುಳಿತ. ನಾನು ಎದ್ದೆ. ಬೇಗ ಬೇಗ ಹೊರಬಾಗಿಲ ಕಡೆ ನಡೆದೆ.

"ಅಪ್ಪಾ, ಎಲ್ಲಿಗೆ?"

ಆಗ ನಿಂತೆ. ಮನೆಗೆ ಹೋಗಿ ನನ್ನವಳಿಗೆ ಸುದ್ದಿ ಹೇಳಬೇಕೆಂದು ಹೊರಟಿದ್ದೆ.

"ಎಲ್ಲಿಗೂ ಇಲ್ಲಪ್ಪ" ಎಂದೆ. ಹಿಂದಿರುಗಿ ಬಂದು ಮಗನ ಪಕ್ಕದಲ್ಲಿ ನೆಲದ ಮೇಲೇ ಕೂತೆ.