ಗಡುವು ಮೀರಿ ಬಂದ ಉತ್ತರ

ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಹೋದರೆ ಗಡುವಪ್ಪನವರು ಅದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಕೇಳುವುದು, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ ಎದುರಿನವರ ಮುಖವನ್ನೇ ನೋಡುತ್ತ ನಿಲ್ಲುವುದು, ಒಳಗೆ ಯಾವುದೋ ಲೆಕ್ಕ ಮುಗಿಯಿತೆಂಬಂತೆ ರೆಪ್ಪೆಯನ್ನೊಮ್ಮೆ ಬಡಿದು "ಆಯ್ತು, ಮುಂದೆ" ಎಂದು ಹೊರಟುಬಿಡುವುದು, ಇಷ್ಟೇ ಅವರ ಸಂಭಾಷಣೆಯ ಕ್ರಮ. ಅದರಲ್ಲಿ ಸಿಟ್ಟೂ ಇರಲಿಲ್ಲ, ಸೆಡವೂ ಇರಲಿಲ್ಲ. ನಮ್ಮ ಮ್ಯಾನೇಜರು ಒಮ್ಮೆ ಅವರನ್ನು ಕೋಣೆಗೆ ಕರೆಸಿಕೊಂಡು, "ಈ ಕೆಲಸ ಯಾವಾಗ ಬೇಕು?" ಎಂದು ಗಡುವಪ್ಪನವರು ಕೇಳಿದ್ದಕ್ಕೆ ಬೆರಳೆತ್ತಿ ತಡೆಯುವಂತೆ ಸನ್ನೆ ಮಾಡಿ, ಫೋನಿನಲ್ಲಿ ಯಾರೊಂದಿಗೋ ನಗುತ್ತ ಕುಳಿತರು, ಫೋನು ಕೆಳಗಿಟ್ಟು ನೋಡಿದರೆ ಎದುರಿನ ಕುರ್ಚಿ ಖಾಲಿ. ಹುಡುಕಿಕೊಂಡು ಬಂದು ರೇಗಿದಾಗ ಗಡುವಪ್ಪನವರು ತಣ್ಣಗೆ, "ನಿಮಗೆ ಬಿಡುವಿರ್ಲಿಲ್ಲ ಸಾರ್, ತಪ್ಪೇನಿಲ್ಲ" ಎಂದರು. ಅವರಿಗೆ ಆ ಅಡ್ಡಹೆಸರು ಇಟ್ಟವರು ಯಾರೋ ತಿಳಿಯದು. ನಿಜವಾದ ಹೆಸರು ಕೊರಳಿನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಎತ್ತರದ ಆಳು, ಎತ್ತರಕ್ಕೆ ನಾಚಿಕೊಂಡಂತೆ ಬಾಗಿದ ಬೆನ್ನು. ನಡಿಗೆಯಲ್ಲೊಂದು ವಿಲಕ್ಷಣ ತಡೆ ಇತ್ತು: ಪ್ರತಿ ಬಾಗಿಲ ಮುಂದೂ ಅರೆಕ್ಷಣ ನಿಂತು, ಒಳಗಿನವರ ಅನುಮತಿ ಬಂದಿತೋ ಎಂಬಂತೆ ಕಿವಿಗೊಟ್ಟು, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕೋಟೊಂದಿತ್ತು. ಅದರ ಬಲಜೇಬು ಎಡಜೇಬಿಗಿಂತ ದೊಡ್ಡದು. ಕೇಳಿದರೆ, "ಹೊಲಿದವಳಿಗೆ ನನ್ನ ಕೈ ಗೊತ್ತು. ಬಲಗೈಗೆ ಸಾಮಾನು ಜಾಸ್ತಿ" ಎನ್ನುತ್ತಿದ್ದರು. ಹೊಲಿದವರು ಅವರ ಹೆಂಡತಿ.

ಅವರ ವೃತ್ತಿಯನ್ನು ಹೇಳದೆ ಅವರನ್ನು ಹೇಳಲಾಗದು. ನಮ್ಮ ಸಂಸ್ಥೆ ಡೇಟಾಬೇಸೊಂದನ್ನು ತಯಾರಿಸುತ್ತಿತ್ತು. ಒಂದು ಕಂಪ್ಯೂಟರಿನಲ್ಲಿ ಹಿಡಿಸದಷ್ಟು ಮಾಹಿತಿಯನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟು, ಹೊರಗಿನವರಿಗೆ ಮಾತ್ರ ಎಲ್ಲವೂ ಒಂದೇ ಎಂಬಂತೆ ತೋರಿಸುವ ಏರ್ಪಾಡು. ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಮುಂದಿನ ಯಂತ್ರ ಅದನ್ನು ಹಿಂದಿನವಕ್ಕೆಲ್ಲ ದಾಟಿಸಿ, ಬಂದ ಉತ್ತರಗಳನ್ನು ಕೂಡಿಸಿ ಕೊಡಬೇಕು. ಹಿಂದಿನ ಒಂದು ಯಂತ್ರ ಸುಮ್ಮನೆ ಕುಳಿತುಬಿಟ್ಟರೆ? ಅದಕ್ಕಾಗಿ ಪ್ರತಿಯೊಂದು ಪ್ರಶ್ನೆಗೂ ಅದರದೇ ಆದ ಗಡುವು ಇರುತ್ತದೆ. ಅಷ್ಟರೊಳಗೆ ಬಂದರೆ ಬಂತು, ಇಲ್ಲವಾದರೆ ಕಾಯುವುದನ್ನು ಬಿಟ್ಟು, ಸಮಯ ಮೀರಿತೆಂದು ನೇರವಾಗಿ ಹೇಳಿ ಕೈತೊಳೆದುಕೊಳ್ಳಬೇಕು. ಈ ಗಡುವುಗಳು ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಯುತ್ತವೆಯೇ ಎಂದು ಪರೀಕ್ಷಿಸುವುದು ಗಡುವಪ್ಪನವರ ಕೆಲಸ. ಅವರು ಕಂಡುಕೊಂಡದ್ದನ್ನು ಬಳಕೆದಾರರ ಕೈಪಿಡಿಯಲ್ಲಿ ನಾಲ್ಕು ಜನಕ್ಕೆ ಅರ್ಥವಾಗುವಂತೆ ಬರೆಯುವುದು ನನ್ನದು.

ಕಿಟಕಿಯಿಲ್ಲದ ಮೂಲೆಯ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಮೇಲೆ ಸಾಲಾಗಿ ಕುಳಿತ ಹಳೆಯ ಕಂಪ್ಯೂಟರುಗಳ ಗೊರಗೊರ ಸದ್ದಿನ ನಡುವೆ ಅವರ ದಿನ ಕಳೆಯುತ್ತಿತ್ತು. ದಿನಕ್ಕೊಂದು ಯಂತ್ರವನ್ನು ಆರಿಸಿ ಬೇಕೆಂದೇ ನಿಧಾನ ಮಾಡುವರು. ಹಾಗೆ ಆರಿಸಿದ್ದಕ್ಕೆ "ಅಳಿಯ" ಎಂದು ಹೆಸರು. ಮಾವನ ಮನೆಗೆ ಬಂದ ಅಳಿಯನಂತೆ ಅದು ಕೂತಲ್ಲಿಂದ ಏಳುವುದಿಲ್ಲ, ಕರೆದರೆ ಓಗೊಡುವುದಿಲ್ಲ, ಬಯ್ಯುವ ಹಾಗೂ ಇಲ್ಲ. ನಾನು ಇಣುಕಿ "ಇವತ್ತು ಅಳಿಯ ಯಾರು?" ಎಂದರೆ, ಬೆರಳು ತೋರಿ ತುಟಿಯಂಚಿನಲ್ಲಿ ನಗುವರು. ಅವರು ನಗುತ್ತಿದ್ದುದು ಅಷ್ಟಕ್ಕೇ.

ಒಂದು ವಿಷಯದಲ್ಲಿ ಮಾತ್ರ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಉತ್ತರ ಬರಲಿಲ್ಲವೆಂಬುದನ್ನು "ಇಲ್ಲ" ಎಂಬ ಉತ್ತರವಾಗಿ ಯಾರೂ ತಿಳಿಯಕೂಡದು. ಗಡುವು ಮೀರಿದಾಗ ಖಾಲಿ ಪರದೆ ತೋರಿಸಿದರೆ ಸಾಕು, ಗ್ರಾಹಕರಿಗೆ ಗಾಬರಿಯಾಗುವುದಿಲ್ಲ ಎಂದು ಮ್ಯಾನೇಜರು ವಾದಿಸಿದಾಗ ಗಡುವಪ್ಪನವರು ಮೇಜಿನ ಮೇಲೆ ಅಂಗೈ ಊರಿ ನಿಂತು ಹೇಳಿದ ಮಾತು ನನಗೆ ನೆನಪಿದೆ: "ಆಸ್ಪತ್ರೆಯವರು ಈ ರೋಗಿಗೆ ಯಾವ ಔಷಧಿ ಆಗಲ್ಲ ಅಂತ ಕೇಳ್ತಾರೆ. ನಾವು ಖಾಲಿ ತೋರಿಸ್ತೀವಿ. ಎಲ್ಲಾ ಆಗುತ್ತೆ ಅಂದ್ಕೊಂಡು ಚುಚ್ತಾರೆ. ಯಾರು ಹೊಣೆ?" ಮ್ಯಾನೇಜರು ಉತ್ತರಿಸಲಿಲ್ಲ. ಇವರು ಒಂದಿಷ್ಟು ಕಾದು, "ಆಯ್ತು, ಮುಂದೆ" ಎಂದು ಎದ್ದು ಬಂದರು. ಆದರೆ ಪರೀಕ್ಷೆ ಮುಗಿಯಿತೆಂಬ ಕಾಗದಕ್ಕೆ ರುಜು ಹಾಕಲಿಲ್ಲ. ಕಡೆಗೆ ಅವರ ಮಾತೇ ನಡೆಯಿತು.

ಅವರ ಹೆಂಡತಿ ಊರಿಗೆಲ್ಲ ಬೇಕಾದ ದರ್ಜಿ, ಮಾತಿನಲ್ಲಿ ಪಟಾಕಿ. ಕೋಟು ಬಿಗಿಯಾಯಿತೆಂದು ತಕರಾರು ತಂದವರಿಗೆ, "ಬಟ್ಟೆ ಚಿಕ್ಕದಾಗಿಲ್ಲ ಸ್ವಾಮಿ, ನೀವು ದೊಡ್ಡೋರಾಗಿದೀರ" ಎಂದು ಸೂಜಿ ಬಾಯಲ್ಲಿಟ್ಟುಕೊಂಡೇ ಹೇಳುತ್ತಿದ್ದರಂತೆ. ನಾನು ಅವರನ್ನು ಕಾಣುವ ಹೊತ್ತಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸೋತಿತ್ತು. ಬುದ್ಧಿ ಚುರುಕಾಗಿಯೇ ಇತ್ತು, ಮಾತು ಮಾತ್ರ ಆಳದ ಬಾವಿಯಿಂದ ಸೇದಿದಂತೆ ತಡವಾಗಿ ಬರುತ್ತಿತ್ತು. ಅವರ ಮನೆಗೆ ಹೋದ ಮೊದಲ ದಿನ "ಹೇಗಿದೀರ ಅಕ್ಕಾ?" ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು, ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮುಜುಗರದಿಂದ ನಾನು ಮಳೆ, ಬಿಸಿಲು, ರಸ್ತೆ ರಿಪೇರಿ ಎಂದು ಏನೇನೋ ಹರಟಿ ಕಾಫಿ ಕುಡಿದು ಮುಗಿಸಿದ ಮೇಲೆ, "ಪರವಾಗಿಲ್ಲ" ಎಂಬ ಉತ್ತರ ಬಂತು. ಗಡುವಪ್ಪನವರು ನನ್ನ ಕಡೆ ತಿರುಗಿ, "ನೀವು ಆಗಲೇ ಕೇಳಿದ್ರಲ್ಲ, ಅದಕ್ಕೆ" ಎಂದರು.

ಕಚೇರಿಯಲ್ಲಿ ಅರೆಗಳಿಗೆ ಹೆಚ್ಚು ಕಾಯದ ಆ ಮನುಷ್ಯ ಮನೆಯಲ್ಲಿ ಕಾಯುವುದನ್ನು ನೋಡಿ ನಾನು ಬೆರಗಾದೆ. ಅನ್ನವೋ ಗಂಜಿಯೋ ಎಂದು ಕೇಳಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಉತ್ತರ ಬರುವವರೆಗೆ ಬೇರೆ ಮಾತೆತ್ತುತ್ತಿರಲಿಲ್ಲ, ರೇಡಿಯೋ ಹಾಕುತ್ತಿರಲಿಲ್ಲ, ಒಲೆಯ ಮೇಲಿನದು ಉಕ್ಕಿದರೂ ಏಳುತ್ತಿರಲಿಲ್ಲ. ಬಂದವರೆಲ್ಲ ಆಕೆಯ ಪರವಾಗಿ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಇವರೊಬ್ಬರು ಹಾಗೆ ಮಾಡಲಿಲ್ಲ.

ಆದರೆ ಮೈಗೂ ಒಂದು ಮಿತಿಯುಂಟು. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಬಿಟ್ಟುಹೋದಳು, ಇನ್ನೊಬ್ಬರು ಸಿಗಲಿಲ್ಲ, ಹೆಂಡತಿಯನ್ನು ಎತ್ತಿ ಕೂರಿಸುವಾಗ ಇವರ ಸೊಂಟವೇ ಹಿಡಿದುಕೊಳ್ಳತೊಡಗಿತು. ಬೇರೆ ಊರಿನಲ್ಲಿದ್ದ ಆಕೆಯ ತಮ್ಮ, ಇವರ ಮೈದುನ, ಕಾರು ತಂದ. ಒಳ್ಳೆಯವನು, ಅಕ್ಕನೆಂದರೆ ಪ್ರಾಣ. "ಭಾವ, ನೀವು ಸವೆದು ಹೋಗಿದೀರ. ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಮನೆ ತುಂಬ ಜನ ಇದಾರೆ" ಎಂದ. ಇವರು "ಅವಳನ್ನ ಕೇಳೋಣ" ಎಂದರು. ಗಾಲಿಕುರ್ಚಿ ಹಿಡಿದುಕೊಡಲು ಹೋಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ.

ಗಡುವಪ್ಪನವರು ಸ್ಟೂಲಿನ ಮೇಲೆ ಕುಳಿತು, "ತಮ್ಮನ ಮನೆಗೆ ಹೋಗ್ತೀಯಾ?" ಎಂದು ಕೇಳಿದರು. ಆಕೆ ಅವರನ್ನು ನೋಡಿದರು. ಗಂಟಲಿನಲ್ಲಿ ಏನೋ ಆಡಿತು. ಕಾದೆವು. ಮೈದುನ ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ, ಹೊರಗೆ ಹೋಗಿ ಕಾರನ್ನು ನೆರಳಿಗೆ ನಿಲ್ಲಿಸಿ ಬಂದ, "ಕತ್ತಲಾಗೋದ್ರೊಳಗೆ ತಲುಪಬೇಕು ಭಾವ" ಎಂದ. ಇವರು ಇನ್ನಷ್ಟು ಕಾದರು. ಎಂದಿಗಿಂತ ಹೆಚ್ಚು ಕಾದರೆಂದೇ ನನ್ನ ನಂಬಿಕೆ. ಆಮೇಲೆ ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡು, ಆ ಮನೆಯಲ್ಲಿ ಎಂದೂ ಆಡದಿದ್ದ ಮಾತನ್ನು ಆಡಿದರು: "ಆಯ್ತು, ಮುಂದೆ."

ಅಕ್ಕನನ್ನು ಕರೆದುಕೊಂಡು ಹೋದ ಮೈದುನನ ಫೋನು ರಾತ್ರಿ ಬಂತಂತೆ. ಮರುದಿನ ಅದನ್ನು ನನಗೆ ಹೇಳುವಾಗ ಇವರ ಮುಖ ಅರಳಿತ್ತು. ದಾರಿಯಲ್ಲಿ, ಊರು ದಾಟಿದ ಮೇಲೆ, ಮೈದುನ ಹಿಂದೆ ತಿರುಗಿ "ಕಿಟಕಿ ತೆಗೀಲಾ ಅಕ್ಕಾ?" ಎಂದನಂತೆ. ಆಕೆ ಸ್ಪಷ್ಟವಾಗಿ "ಬೇಡ" ಎಂದರಂತೆ. "ಎಷ್ಟು ಚೆನ್ನಾಗಿ ಹೇಳಿದ್ಲಂತೆ ನೋಡಿ" ಎಂದು ಎರಡೆರಡು ಸಲ ಹೇಳಿದರು. ಹೊಸ ಗಾಳಿ, ಜನರ ಸಹವಾಸ, ಮಾತು ಮರಳಬಹುದೆಂದು ನಾನೂ ದನಿಗೂಡಿಸಿದೆ.

ಕೆಲವು ವಾರಗಳ ಮೇಲೆ ಅವರು ಒಂದು ಭಾರಿ ದೋಷವನ್ನು ಹಿಡಿದರು. ಕೈಪಿಡಿಯಲ್ಲಿ ಎಚ್ಚರಿಕೆ ಬರೆಯಬೇಕೆಂದು ನನ್ನನ್ನು ಮೂಲೆಯ ಕೋಣೆಗೆ ಕರೆಸಿ, ನನ್ನಂಥ ಮಂದಮತಿಗೂ ತಿಳಿಯುವ ಹಾಗೆ ಬಿಡಿಸಿ ಹೇಳತೊಡಗಿದರು. "ನೋಡಿ, ಮೊದಲನೆಯವನು ಏನೋ ಕೇಳಿದ. ಗಡುವು ಮುಗೀತು, ಅವನು ಕಾಯೋದು ಬಿಟ್ಟ. ಆದ್ರೆ ಹಿಂದಿನ ಯಂತ್ರಕ್ಕೆ ಅದು ಗೊತ್ತಿಲ್ಲ, ಅದು ಪಾಪ ಇನ್ನೂ ಉತ್ತರ ಹುಡುಕ್ತಾನೇ ಇದೆ. ಅಷ್ಟರಲ್ಲಿ ಅದೇ ದಾರೀಲಿ ಎರಡನೆಯವನು ಬಂದು ಬೇರೆ ಪ್ರಶ್ನೆ ಕೇಳ್ದ. ಕೇಳಿದ ತಕ್ಷಣ ಇವನ ಕೈಗೆ ಉತ್ತರ ಬಂದುಬಿಡುತ್ತೆ. ಎಷ್ಟು ಬೇಗ ಬಂತು ಅಂತ ಖುಷಿ ಪಡ್ತಾನೆ. ಆದ್ರೆ ಅದು ಇವನ ಪ್ರಶ್ನೆಗೆ ಬಂದಿದ್ದಲ್ಲ, ಮೊದಲನೆಯವನ..."

ಅಲ್ಲಿಗೆ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಯಂತ್ರಗಳತ್ತ ನೋಡುತ್ತಿದ್ದೆ. ತಿರುಗಿದಾಗ ಅವರು ಎದ್ದು ನಿಂತಿದ್ದರು. ಜೇಬಿನಿಂದ ಫೋನು ತೆಗೆದು ಮೈದುನನಿಗೆ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಅವತ್ತು ಕಾರಲ್ಲಿ, ಕಿಟಕಿ ಅಂತ ನೀನು ಕೇಳಿದ ಎಷ್ಟು ಹೊತ್ತಿಗೆ ಬೇಡ ಅಂದ್ಲು?"

"ಹೊತ್ತೆಲ್ಲಿ ಭಾವ? ನನ್ನ ಮಾತು ಮುಗಿಯೋದ್ರೊಳಗೇ ಅಂದ್ಲು."

ಕಾಯಿಲೆ ಬಿದ್ದ ದಿನದಿಂದ ಆಕೆ ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಟ್ಟವರಲ್ಲ.

ಅವರು ಆ ಮಧ್ಯಾಹ್ನವೇ ಬಸ್ಸು ಹತ್ತಿದರು. ಮುಂದಿನದನ್ನು ಮೈದುನನೇ ಆಮೇಲೆ ನನಗೆ ಹೇಳಿದ. ಕೋಣೆಗೆ ಹೋದವರು ಕೂರಲೂ ಇಲ್ಲ, ಅಕ್ಕನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರಂತೆ. "ಅಕ್ಕನ್ನ ಒಂದ್ಮಾತು ಕೇಳ್ಬೇಡ್ವಾ ಭಾವ?" ಎಂದು ಅವನು ತಡೆದರೆ, "ಅವಳು ಹೇಳಿ ಆಗಿದೆಯಪ್ಪ. ನಾನು ಅಲ್ಲಿರಲಿಲ್ಲ ಅಷ್ಟೆ" ಎಂದರಂತೆ. ಆದರೆ ಹಿಂದಿನ ವಾರವಷ್ಟೇ ಆಕೆಗೆ ಮತ್ತೊಮ್ಮೆ ಪಾರ್ಶ್ವವಾಯು ಬಡಿದಿತ್ತು, ಅದನ್ನು ಆಯಾಸವೆಂದೇ ಮನೆಯವರು ತಿಳಿದಿದ್ದರು. ತನ್ನ ಮನೆಗೆ, ತನ್ನ ಹೊಲಿಗೆಯಂತ್ರವಿದ್ದ ಕೋಣೆಗೆ ಮರಳಿದ ಆಕೆಗೆ ಅದು ತನ್ನದೆಂದು ತಿಳಿಯಿತೋ ಇಲ್ಲವೋ ಹೇಳಲಾರೆ.

ನಾನು ನೋಡಲು ಹೋದಾಗಲೆಲ್ಲ ಅವರು ಅದೇ ಸ್ಟೂಲಿನ ಮೇಲಿರುತ್ತಿದ್ದರು. ಒಮ್ಮೆ ಮಾತ್ರ ನನ್ನೆದುರಿಗೇ ಅವರು ಬಾಗಿ ಆಕೆಯ ಕಿವಿಯ ಬಳಿ ಹೇಳಿದರು: "ನೀನು ಬೇಡ ಅಂದಿದ್ದು ನನಗೆ ಕೇಳಿಸಿರ್ಲಿಲ್ಲ ಕಣೇ. ಬೇಡ ಅಂದ್ರೂ ಕಳಿಸಿದ ಅಂದ್ಕೋಬೇಡ. ಗೊತ್ತಾಯ್ತಾ?" ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಾಯ್ತಾ?" ಎಂದು ಮತ್ತೆ ಕೇಳಿದರು. ಆಕೆಯ ಕಣ್ಣು ತೆರೆದೇ ಇತ್ತು, ಛಾವಣಿಯತ್ತ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಳಿ ಶುರುವಾಗುವ ಮೊದಲೇ ಆಕೆ ತೀರಿಕೊಂಡರು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಅವರು ಮೊದಲು ಮಾಡಿದ್ದು ಆ ದೋಷದ ಪರಿಹಾರದ ಪರೀಕ್ಷೆ. ಈಗ ಪ್ರತಿ ಉತ್ತರಕ್ಕೂ ಅದು ಯಾವ ಪ್ರಶ್ನೆಯದೆಂಬ ಗುರುತು ಇರುತ್ತದೆ. ಕೇಳಿದವರು ಹೊರಟುಹೋಗಿದ್ದರೆ, ತಡವಾಗಿ ಬಂದ ಉತ್ತರವನ್ನು ಯಾರಿಗೂ ಕೊಡದೆ ಎಸೆದುಬಿಡಲಾಗುತ್ತದೆ. ಅದೇ ಸರಿಯಾದ ಕ್ರಮವೆಂದು ಗಡುವಪ್ಪನವರೇ ರುಜು ಹಾಕಿದರು. ಹಾಕುವಾಗ ಕೈ ನಡುಗಲಿಲ್ಲ. ನಾನು ನೋಡುತ್ತಿದ್ದೆ, ನಡುಗಿದ್ದರೆ ನನಗಾದರೂ ಹಗುರವಾಗುತ್ತಿತ್ತು.

ಎಷ್ಟು ಹೊತ್ತು ಕಾಯಬೇಕೆಂದು ಗೊತ್ತುಮಾಡುವ ಜನ ಲೋಕಕ್ಕೆ ಬೇಕು. ಅವರಿಲ್ಲದಿದ್ದರೆ ಒಬ್ಬನ ಮೌನಕ್ಕೆ ನೂರು ಜನರ ಕೆಲಸ ನಿಲ್ಲುತ್ತದೆ. ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ, ರೈಲಿನ ಹಸಿರು ಬಾವುಟದ ಹಿಂದೆ, ಪರೀಕ್ಷೆಯ ಕೊನೆಯ ಗಂಟೆಯ ಬಳಿ ಇಂಥವರೊಬ್ಬರು ನಿಂತೇ ಇರುತ್ತಾರೆ, ಸಾಕೆಂದು ಹೇಳುವ ಪಾಪವನ್ನು ನಮ್ಮೆಲ್ಲರ ಪರವಾಗಿ ಹೊತ್ತುಕೊಂಡು. ನಾವು ಅವರನ್ನು ಕಲ್ಲೆದೆಯವರೆನ್ನುತ್ತೇವೆ. ಆದರೆ ಉತ್ತರ ಬೇಡವೆಂದು ಅವರು ಎದ್ದುಹೋಗುವುದಲ್ಲ. ತಾವು ಬೆನ್ನು ತಿರುಗಿಸಿದ ಮೇಲೂ ಆ ಕಡೆ ಒಂದು ಜೀವ ಉತ್ತರಕ್ಕಾಗಿ ತಿಣುಕುತ್ತಿರಬಹುದೆಂದು ಉಳಿದೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ. ಬಲ್ಲರು, ಎದ್ದೂ ಹೋಗುತ್ತಾರೆ, ಮತ್ತು ಆ ಉತ್ತರ ಏನಾಗಿತ್ತೆಂದು ಬದುಕಿರುವಷ್ಟು ದಿನ ಒಳಗೊಳಗೇ ಕೇಳಿಕೊಳ್ಳುತ್ತಾರೆ.