ಹುದ್ದಾರರ ನಾನೂರಾ ಎಂಬತ್ತು

ಬಾಳಕೃಷ್ಣ ಹುದ್ದಾರರನ್ನು ನಾನು ಮೊದಲು ನಳ ರಿಪೇರಿಯವರೆಂದು ತಿಳಿದಿದ್ದೆ. ೨೦೦೭ರಲ್ಲಿ, ಮಡಗಾಂವದ ಒಂದು ಖಾಸಗಿ ಆಸ್ಪತ್ರೆಯ ಉಗ್ರಾಣಕ್ಕೆ ನಾನು ಗುಮಾಸ್ತನಾಗಿ ಸೇರಿ ಎರಡೇ ದಿನವಾಗಿತ್ತು; ಗೋವೆಯ ಬೆವರಿನಲ್ಲೂ ಗುಂಡಿ ಉದುರಿದ ಕಂದು ಸ್ವೆಟರು ತೊಟ್ಟು, ಕಂಕುಳಲ್ಲಿ ಕೊಳವೆಗಳ ಪೊಟ್ಟಣ ಇರುಕಿಕೊಂಡು, ತುಂಬಿದ ಕೊಡ ಹೊತ್ತವರಂತೆ ಅಳೆದು ಹೆಜ್ಜೆಯಿಡುತ್ತ ಬಂದ ಅವರಿಗೆ, ಪದವೀಧರನ ಗತ್ತಿನಿಂದ, ಸೋರುವ ನಲ್ಲಿಯನ್ನು ತೋರಿಸಿದೆ. ಅವರು ವಾಷರು ಬದಲಿಸಿ ಕೈ ಒರೆಸಿಕೊಂಡರು.

"ಹಾರ್ಟ್ ನಿಲ್ಲಿಸಿದಾಗ ಮಶೀನಿನಾಗ ರಕ್ತ ಓಡಸಾಂವ ನಾನು. ಸೋರೂದು ನನಗೂ ಆಗಿ ಬರಂಗಿಲ್ಲ."

ರಕ್ತವು ಯಂತ್ರದಲ್ಲಿ ಹೆಪ್ಪುಗಟ್ಟದಂತೆ ಮೊದಲು ಔಷಧ ಕೊಟ್ಟು, ಹೆಪ್ಪುಗಟ್ಟಲು ಅದು ಹಿಡಿಯುವ ಕಾಲವನ್ನು ಅವರು ಸೆಕೆಂಡುಗಳಲ್ಲಿ ಅಳೆಯುತ್ತಿದ್ದರು. ನಾನೂರಾ ಎಂಬತ್ತು ಮುಟ್ಟದೆ ಪಂಪು ತಿರುಗದು. ಸರ್ಜನ್ನರು ಗದರಿದರೂ "ನಾನೂರಾ ಅರವತ್ತೆರಡು" ಎಂದಷ್ಟೇ ಹೇಳಿ ಕೈಕಟ್ಟಿ ನಿಲ್ಲುತ್ತಿದ್ದರಂತೆ. ಫೈಲನ್ನು ನಂಬುತ್ತಿರಲಿಲ್ಲ, ಆಪರೇಷನ್ನಿನ ಮುನ್ನಾದಿನ ತಾವೇ ವಾರ್ಡಿಗೆ ಹೋಗಿ, ರೋಗಿಯ ಗುಳಿಗೆ ಪಟ್ಟಿಯ ತೂತುಗಳನ್ನು ಬೆರಳಿಟ್ಟು ಎಣಿಸುತ್ತಿದ್ದರು.

ಬಂದರಿನ ಬಳಿಯ ಸಡಾ ಬಸ್ತಿಯ ಹೇಮಲಪ್ಪ ಅಲ್ಲಿಯ ಹಮಾಲ. ಹೃದಯದ ಕವಾಟ ಕೆಟ್ಟು, ಮಲಗಲಾರದೆ ಕುಳಿತೇ ಉಸಿರೆಳೆಯುತ್ತಿದ್ದ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಐದು ದಿನ ಮೊದಲೇ ನಿಲ್ಲಿಸಬೇಕಿತ್ತು. ಫೈಲಿನಲ್ಲಿ ನಿಂತಿತ್ತು, ಪಟ್ಟಿಯಲ್ಲಿ ಐದು ತೂತು ಹೆಚ್ಚಿದ್ದವು.

"ಬಿಡಾಕ ಹೇಳಿರಲಿಲ್ಲೇನವಾ?" ಎಂದರು ಹುದ್ದಾರರು.

"ಎರಡ ವರ್ಷ, ಒಂದ ದಿನಾನೂ ತಪ್ಪಸಬ್ಯಾಡ ಅಂತ ಬೈದೀರಲ್ರೀ ಸಾಹೇಬ್ರ," ಎಂದಳು ಹೆಂಡತಿ ಥಾವರಿಬಾಯಿ. "ಈಗ ಬಿಡು ಅಂದ್ರ, ಯಾರೋ ಹೊಸಬರು ತಪ್ಪಿ ಬರದಾರ ಅಂದ್ಕೊಂಡ್ನಿ."

ಅವನ ಉಸಿರು ಇನ್ನೈದು ದಿನ ಕಾಯಗೊಡಲಿಲ್ಲ. ಮರುದಿನವೇ ಆಪರೇಷನ್ ಮಾಡಿದರು; ಮದ್ದಿಗೆ ಮಾರುಮದ್ದು ಕೊಟ್ಟರೂ ಎದೆಗೂಡಿನಲ್ಲಿ ರಕ್ತ ಒಸರುತ್ತಲೇ ಇತ್ತು. ಅವನ ಗುಂಪಿನ ರಕ್ತ ಸಿಕ್ಕಿದ್ದು ಎರಡೇ ಚೀಲ. ಒಸರಿದ್ದನ್ನೆಲ್ಲ ಹುದ್ದಾರರು ಹೀರಿಸಿ, ತೊಳೆಯುವ ಯಂತ್ರಕ್ಕೆ ಹಾಕಿ, ಅವನದನ್ನು ಅವನಿಗೇ ಮರಳಿಸಿದರು. ತೊಳೆಯಲು ಬೇಕಾದ ಸಲೈನನ್ನು ಬಾಗಿಲವರೆಗೆ ಹೊತ್ತು ತಂದದ್ದು ನನ್ನ ಪರಾಕ್ರಮ. ಹೇಮಲಪ್ಪ ಬದುಕಿದ.

ಔಷಧಕ್ಕೆ ನಾಲ್ಕು ಹನಿ ಸಿಹಿಸುಳ್ಳು ಬೆರೆಸಿ ಕೊಡುವವರು ಆಸ್ಪತ್ರೆಯಲ್ಲಿ ಬೇಕಾದಷ್ಟು ಜನ. ಅಂಕಿಯ ಮುಂದೆ ಕೈಕಟ್ಟಿ ನಿಲ್ಲುವವರ ಕುಲಕ್ಕೆ ಆ ಅನುಪಾನ ಒಗ್ಗುವುದಿಲ್ಲ. ನಾಲ್ಕನೆಯ ದಿನ ಥಾವರಿಬಾಯಿ, ನನ್ನೊಡನೆ ಬರುತ್ತಿದ್ದ ಹುದ್ದಾರರನ್ನು ಅಡ್ಡಗಟ್ಟಿದಳು.

"ಖರೇ ಹೇಳ್ರಿ. ನಾ ಕೊಟ್ಟ ಗುಳಗಿಂದನ ಅಷ್ಟು ರಕ್ತ ಹೋತೇನ್ರಿ?"

ಇಲ್ಲವೆನ್ನಲು ನಾನು ಬಾಯಿ ತೆರೆದಿದ್ದೆ.

"ಹೌದು," ಎಂದರು ಹುದ್ದಾರರು. "ಈಗ ಹೊಸಾ ಕವಾಟ ಕುಂಡ್ರಿಸ್ಯಾರ, ಅದರಾಗ ರಕ್ತ ಹೆಪ್ಪಗಟ್ಟಬಾರದು. ಇವತ್ತಿಂದ ಅದ ಗುಳಗಿ ಮತ್ತ ಶುರು. ಒಂದ ದಿನಾನೂ ತಪ್ಪಸಬ್ಯಾಡ್ರಿ."